ಮೆಚ್ಚಿದವರು ಉಳಿಸಿಕೊಂಡ ಸಿನಿಮಾ

1923ರ ಜರ್ಮನಿಯಲ್ಲಿ ನೋಟಿಗೆ ಬೆಲೆಯೇ ಇರಲಿಲ್ಲ. ಆ ವರ್ಷದ ನವೆಂಬರ್ ಹೊತ್ತಿಗೆ ಒಂದು ಡಾಲರ್ ಬೇಕೆಂದರೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಮಾರ್ಕ್ ಎಣಿಸಬೇಕಿತ್ತು. ಕೈಯಲ್ಲಿ ನಾಲ್ಕು ಕಾಸಿದ್ದವರು ಅದನ್ನು ಕಾಸಾಗಿ ಇಟ್ಟುಕೊಳ್ಳದೆ ಏನಾದರೊಂದು ಸಾಮಾನು ಕೊಂಡಿಡುತ್ತಿದ್ದರು. ಲೂಯಿ ಹಾಗೆನ್ ಎಂಬ ಬ್ಯಾಂಕರ್ ಕೊಂಡಿಟ್ಟದ್ದು ಕಚ್ಚಾ ಫಿಲಂ ಸುರುಳಿಗಳನ್ನು. ಅಂದುಕೊಂಡಂತೆ ಅದರಿಂದ ಲಾಭ ಬರಲಿಲ್ಲ. ಮನೆಯಲ್ಲಿ ಫಿಲಂ ರಾಶಿ ಬಿದ್ದಿತ್ತು. ಕಪ್ಪು ಕಾಗದ ಕತ್ತರಿಸಿ ಪುಟ್ಟ ಪುಟ್ಟ ಚಿತ್ರ ಮಾಡುತ್ತಿದ್ದ ಹುಡುಗಿಯೊಬ್ಬಳ ಪರಿಚಯವೂ ಅವನಿಗಿತ್ತು. ಅವಳ ಕೆಲಸ ಮೆಚ್ಚಿದ್ದ ಅವನು, ಈ ಫಿಲಂನಲ್ಲಿ ಒಂದು ಪೂರ್ಣಾವಧಿಯ ಚಿತ್ರ ಮಾಡುತ್ತೀಯಾ ಎಂದು ಕೇಳಿದ. ಆಗ ಲೋಟೆ ರೈನಿಗರ್‌ಗೆ ಇಪ್ಪತ್ತನಾಲ್ಕರ ಆಸುಪಾಸು.

'ರಾಜಕುಮಾರ ಅಹಮದನ ಸಾಹಸಗಳು' ಹುಟ್ಟಿದ್ದು ಹೀಗೆ. ಇಂದಿಗೂ ನೋಡಲು ಸಿಗುವ ಪೂರ್ಣಾವಧಿಯ ಅನಿಮೇಶನ್ ಚಿತ್ರಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಅರ್ಜೆಂಟೀನಾದ ಕ್ವಿರಿನೋ ಕ್ರಿಸ್ಟಿಯಾನಿ 1917ರಲ್ಲೇ ಒಂದು ದೊಡ್ಡ ಅನಿಮೇಶನ್ ಚಿತ್ರ ಮಾಡಿದ್ದ. ಆದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಡಿಸ್ನಿಯ 'ಸ್ನೋ ವೈಟ್' ಬಂದದ್ದು 1937ರ ಡಿಸೆಂಬರ್‌ನಲ್ಲಿ, ಅಹಮದ ತೆರೆಗೆ ಬಂದು ಹನ್ನೊಂದು ವರ್ಷ ಕಳೆದ ಮೇಲೆ. ಹೀಗಿದ್ದೂ ನಮ್ಮ ಮಕ್ಕಳ ರಸಪ್ರಶ್ನೆ ಪುಸ್ತಕಗಳಲ್ಲಿ ಮೊದಲ ಅನಿಮೇಶನ್ ಚಿತ್ರ ಯಾವುದೆಂದರೆ ಉತ್ತರ 'ಸ್ನೋ ವೈಟ್' ಎಂದೇ ಇರುತ್ತದೆ. ಶಾಲೆಯ ಸ್ಪರ್ಧೆಗಳಲ್ಲಿ ನಾನು ಆ ಉತ್ತರಕ್ಕೆ ಅಂಕ ಕೊಡಲು ಒಪ್ಪದೆ ಸಹೋದ್ಯೋಗಿಗಳ ಜೊತೆ ವಾದಕ್ಕೆ ನಿಂತದ್ದುಂಟು. ಈಗಲೂ ಒಪ್ಪುವುದಿಲ್ಲ.

ನಾನು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದ ಕಾಲದಲ್ಲಿ ಫಿಲ್ಮ್ ಸೊಸೈಟಿಯ ಸದಸ್ಯನೊಬ್ಬನ ಬೆನ್ನು ಹತ್ತಿ ಹೋಗಿ ಈ ಚಿತ್ರ ನೋಡಿದೆ. ಅಂದಿನಿಂದ ಇದು ನನ್ನ ಜೊತೆಗೇ ಇದೆ. ಇದು 'ಮೊದಲನೆಯದು' ಎಂಬುದು ನನಗೆ ಆಮೇಲೆ ತಿಳಿದದ್ದು, ನಾನು ಮೆಚ್ಚಿದ್ದು ಅದಕ್ಕಲ್ಲ. ಆದರೆ ಇದರ ನೂರು ವರ್ಷದ ಕಥೆಯನ್ನು ಹಿಂಬಾಲಿಸುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಮಾರುಕಟ್ಟೆ ಈ ಚಿತ್ರವನ್ನು ಯಾವತ್ತೂ ಕೇಳಲಿಲ್ಲ. ಹುಟ್ಟಿಸಿದವರು, ಹೊತ್ತು ತಿರುಗಿದವರು, ಸುಟ್ಟುಹೋದ ಮೇಲೂ ಹುಡುಕಿ ತಂದವರು ಎಲ್ಲರೂ ಇದನ್ನು ಮೆಚ್ಚಿದವರೇ. ಚಿತ್ರರಂಗದ ಚರಿತ್ರೆಯನ್ನು ಸ್ಟುಡಿಯೋ ಮತ್ತು ಗಲ್ಲಾಪೆಟ್ಟಿಗೆಯ ಚರಿತ್ರೆಯಾಗಿ ಬರೆದರೆ ಅಹಮದನಿಗೆ ಅಲ್ಲಿ ಸಿಗುವುದು ಒಂದು ಅಡಿಟಿಪ್ಪಣಿ ಅಷ್ಟೆ. ಮೆಚ್ಚಿದವರ ಚರಿತ್ರೆ ಬರೆದರೆ ಮೊದಲ ಅಧ್ಯಾಯವೇ ಇವನದು.

ಲೋಟೆ 1899ರ ಜೂನ್ 2ರಂದು ಬರ್ಲಿನ್ನಿನ ಶಾರ್ಲೊಟನ್‌ಬುರ್ಗ್‌ನಲ್ಲಿ ಹುಟ್ಟಿದಳು. ಚಿಕ್ಕಂದಿನಿಂದ ಕತ್ತರಿ ಕೈಯಲ್ಲೇ ಇರುತ್ತಿತ್ತು. ಕಪ್ಪು ಕಾಗದದಲ್ಲಿ ನೆರಳುರೂಪ ಕತ್ತರಿಸುವುದು ಯುರೋಪಿನಲ್ಲಿ ಹಳೆಯ ಹವ್ಯಾಸ. ಕ್ಯಾಮೆರಾ ಬರುವ ಮುಂಚೆ ಬಡವರ ಮುಖಚಿತ್ರ ಅಂದರೆ ಅದೇ. ಅವಳು ಮನೆಯಲ್ಲೇ ನೆರಳಾಟದ ಪರದೆ ಕಟ್ಟಿಕೊಂಡು ಷೇಕ್ಸ್‌ಪಿಯರ್ ನಾಟಕ ಆಡಿಸುತ್ತಿದ್ದಳಂತೆ. ನಟ ಮತ್ತು ನಿರ್ದೇಶಕ ಪಾಲ್ ವೇಗನರ್‌ನ ಭಾಷಣವೊಂದನ್ನು ಕೇಳಿದ ಮೇಲೆ ಅವನಿರುವ ನಾಟಕ ಕಂಪನಿ ಸೇರಲೇಬೇಕೆಂಬ ಹಟ ಹಿಡಿಯಿತು. ಸೇರಿದ ಮೇಲೆ ರಂಗದ ಪಕ್ಕ ಕೂತು ಅಭಿನಯಿಸುತ್ತಿರುವ ನಟರ ನೆರಳುರೂಪಗಳನ್ನು ಕತ್ತರಿಸುತ್ತಿದ್ದಳು. ವೇಗನರ್ ಅದನ್ನು ಕಂಡ.

1918ರಲ್ಲಿ ಅವನು ಹ್ಯಾಮೆಲಿನ್ ಊರಿನ ಕೊಳಲಿನವನ ಕಥೆಯನ್ನು ಸಿನಿಮಾ ಮಾಡಿದ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಮೂಲಕ ನಮಗೆಲ್ಲ ಗೊತ್ತಿರುವ ಕಥೆಯೇ ಅದು. ಇಲಿಗಳಾಗಬೇಕಿದ್ದ ಜೀವಂತ ಪ್ರಾಣಿಗಳು ಹೇಳಿದ ಮಾತು ಕೇಳದೆ ದಿಕ್ಕಾಪಾಲಾಗಿ ಓಡಿದವು. ಕೊನೆಗೆ ಮರದ ಇಲಿಗಳನ್ನು ಮಾಡಿಸಿ, ಪ್ರತಿ ಫ್ರೇಮಿಗೂ ಒಂದಿಷ್ಟು ಸರಿಸಿ ಚಿತ್ರೀಕರಿಸಿದರು. ಇಲಿ ಸರಿಸುವ ಕೆಲಸದಲ್ಲಿ ಲೋಟೆಯೂ ಇದ್ದಳು. ಆ ಚಿತ್ರದ ಶೀರ್ಷಿಕೆ ಫಲಕಗಳಿಗೆ ನೆರಳುರೂಪ ಕತ್ತರಿಸಿದವಳೂ ಅವಳೇ. ವೇಗನರ್ ಅವಳನ್ನು ಬರ್ಲಿನ್ನಿನಲ್ಲಿ ಹೊಸದಾಗಿ ಶುರುವಾಗಿದ್ದ ಸಂಸ್ಕೃತಿ ಸಂಶೋಧನಾ ಸಂಸ್ಥೆಗೆ ಪರಿಚಯಿಸಿದ. 1919ರಲ್ಲಿ ಅಲ್ಲಿ ಅವಳ ಮೊದಲ ಪುಟ್ಟ ಚಿತ್ರ ಬಂತು. ಅಲ್ಲೇ ಕಾರ್ಲ್ ಕೋಖ್ ಸಿಕ್ಕಿದ, 1921ರಲ್ಲಿ ಮದುವೆಯಾದರು. ಮುಂದೆ ನಲವತ್ತು ವರ್ಷ ಅವಳ ಗೊಂಬೆಗಳ ಮೇಲೆ ಕ್ಯಾಮೆರಾ ಹಿಡಿದು ನಿಂತವನು ಅವನೇ.

ಹಾಗೆನ್ ಕೇಳಿದಾಗ ಗಂಡ ಹೆಂಡತಿ ತಕ್ಷಣ ಹೂಂ ಅನ್ನಲಿಲ್ಲ. ಅನಿಮೇಶನ್ ಎಂದರೆ ಹತ್ತು ನಿಮಿಷ ನಗಿಸಿ ಮುಗಿಸುವ ವಸ್ತು ಎಂದು ಲೋಕವೆಲ್ಲ ನಂಬಿದ್ದ ಕಾಲ ಅದು. ಸಿನಿಮಾದವರನ್ನು ಕೇಳಿದರೆ ಬೆಚ್ಚಿಬಿದ್ದರು. ಆದರೆ ಇವರು ಸಿನಿಮಾ ಉದ್ಯಮದವರೇ ಅಲ್ಲ, ಕಳೆದುಕೊಳ್ಳಲು ಹೆಸರೂ ಇರಲಿಲ್ಲ. ಒಪ್ಪಿಕೊಂಡರು.

ಪಾಟ್ಸ್‌ಡ್ಯಾಮ್‌ನಲ್ಲಿ ಹಾಗೆನ್ ಮನೆಯ ಬಳಿ ಕಾರು ನಿಲ್ಲಿಸುವ ಶೆಡ್ಡಿನ ಮೇಲಿನ ಅಟ್ಟವೇ ಸ್ಟುಡಿಯೋ ಆಯಿತು. ಮಾಡು ತಗ್ಗು. ಕ್ಯಾಮೆರಾ ಮೇಲೆ ಕಟ್ಟಬೇಕು, ಗೊಂಬೆ ಕೆಳಗೆ ಗಾಜಿನ ಮೇಲೆ ಮಲಗಬೇಕು, ಅದರ ಕೆಳಗೆ ದೀಪ ಉರಿಯಬೇಕು. ಇಷ್ಟಕ್ಕೂ ಜಾಗ ಸಾಲದೆ ಗಾಜನ್ನು ನೆಲದ ಹತ್ತಿರಕ್ಕೆ ಇಳಿಸಿದರು. ಮುರಿದ ಕಾರೊಂದರ ಸೀಟು ತಂದು ಹಾಕಿಕೊಂಡು ಲೋಟೆ ಅದರ ಮೇಲೆ ಮಂಡಿಯೂರಿ ಕೆಲಸ ಮಾಡಿದಳು. ಹಾಗೆ ಮೂರು ವರ್ಷ.

ಕೆಲಸದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮೆಚ್ಚುಗೆಯ ಬೇರು ಇರುವುದೇ ಅಲ್ಲಿ. ಗೊಂಬೆಗೆ ಕಪ್ಪು ರಟ್ಟು ಮತ್ತು ತೆಳ್ಳಗೆ ತಟ್ಟಿದ ಸೀಸದ ಹಾಳೆ ಬೇಕು. ಸೀಸ ಯಾಕೆಂದರೆ ತೂಕಕ್ಕೆ. ಬರೀ ಕಾಗದವಾದರೆ ದೀಪದ ಕಾವಿಗೆ ಅಂಚು ಸುರುಳಿಕೊಳ್ಳುತ್ತದೆ, ಕೈ ತಾಗಿದರೆ ಜಾರುತ್ತದೆ. ತಲೆ, ಕುತ್ತಿಗೆ, ಎದೆ, ಸೊಂಟ, ತೋಳು, ಮುಂಗೈ, ಅಂಗೈ ಹೀಗೆ ಎಲ್ಲವೂ ಬೇರೆ ಬೇರೆ ತುಂಡು. ಎರಡು ತುಂಡು ಸೇರುವಲ್ಲಿ ತೂತು ಹಾಕಿ ತೆಳುವಾದ ತಂತಿ ಪೋಣಿಸಿ ಕೀಲು ಕಟ್ಟಬೇಕು. ಕೀಲು ಬಿಗಿಯಾದರೆ ಗೊಂಬೆ ಸೆಟೆದುಕೊಳ್ಳುತ್ತದೆ, ಸಡಿಲಾದರೆ ಇಟ್ಟಲ್ಲಿ ನಿಲ್ಲುವುದಿಲ್ಲ. ಒಂದು ಪಾತ್ರಕ್ಕೆ ಒಂದೇ ಗೊಂಬೆ ಸಾಲದು. ದೂರದ ದೃಶ್ಯಕ್ಕೆ ಚಿಕ್ಕದು, ನಡುವಿನದಕ್ಕೆ ಮಧ್ಯಮ, ಮುಖ ಹತ್ತಿರದಿಂದ ಕಾಣಬೇಕಾದರೆ ದೊಡ್ಡ ತಲೆ ಮತ್ತು ಭುಜ. ಹಿನ್ನೆಲೆಗೆ ಅರೆಪಾರದರ್ಶಕ ಕಾಗದದ ಪದರಗಳು. ಒಂದರ ಮೇಲೊಂದು ಇಟ್ಟಷ್ಟೂ ಬೆಳಕು ಮಂಕಾಗಿ ದೂರ ಹುಟ್ಟುತ್ತದೆ. ಗಾಜಿನ ಹಲವು ಅಂತಸ್ತುಗಳಲ್ಲಿ ಬೇರೆ ಬೇರೆ ಪದರ ಇಟ್ಟು ಆಳ ತೋರಿಸುವುದನ್ನು ಅವರು ಆ ಅಟ್ಟದಲ್ಲೇ ಮಾಡಿದ್ದರು. ಡಿಸ್ನಿ ಸ್ಟುಡಿಯೋದ ಹಲವು ಅಂತಸ್ತಿನ ದೊಡ್ಡ ಕ್ಯಾಮೆರಾ ಹೆಸರು ಮಾಡಿದ್ದು 1937ರಲ್ಲಿ.

ಅವಳು ಕತ್ತರಿಸುವುದನ್ನು 1970ರ ಒಂದು ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ವಯಸ್ಸು ಎಪ್ಪತ್ತು ದಾಟಿದ, ಸ್ವಲ್ಪ ದಪ್ಪಗಿನ ಅಜ್ಜಿ. ಬಲಗೈಯ ಕತ್ತರಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ, ಎಡಗೈ ಕಾಗದವನ್ನು ತಿರುಗಿಸುತ್ತ ಕತ್ತರಿಯ ಬಾಯಿಗೆ ಕೊಡುತ್ತದೆ. ಗೆರೆ ಎಳೆದುಕೊಂಡಿಲ್ಲ, ಅಳತೆಯಿಲ್ಲ. ಮೂಗು, ತುಟಿ, ಗದ್ದ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಮೂವತ್ತು ವರ್ಷ ಮಕ್ಕಳಿಗೆ ಕತ್ತರಿ ಹಿಡಿಯುವುದು ಕಲಿಸಿದ ನಾನು ಆ ಎಡಗೈಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಕತ್ತರಿಯನ್ನು ಕಾಗದದ ಸುತ್ತ ಓಡಿಸಿದರೆ ಅಂಚು ಗರಗಸದಂತೆ ಹಲ್ಲುಹಲ್ಲಾಗುತ್ತದೆ, ಕಾಗದವನ್ನು ಕತ್ತರಿಯೊಳಗೆ ತಿರುಗಿಸಿದರೆ ನಯವಾಗಿ ಬರುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿಕೊಟ್ಟಾಗಲೆಲ್ಲ ಅವಳ ಹೆಸರು ಹೇಳಿಯೇ ಹೇಳಿಕೊಟ್ಟಿದ್ದೇನೆ.

ಅಟ್ಟದಲ್ಲಿ ಅವಳೊಬ್ಬಳೇ ಇರಲಿಲ್ಲ. ಬೆಂಕಿ, ಜ್ವಾಲಾಮುಖಿ, ಮಂತ್ರಮಾಯೆಗಳನ್ನು ವಾಲ್ಟರ್ ರುಟ್ಮನ್ ಮಾಡಿದ. ಅದಕ್ಕೆ ಆಸ್ಕರ್ ಫಿಷಿಂಗರ್ ಕಂಡುಹಿಡಿದ ಮೇಣ ಕೊಯ್ಯುವ ಯಂತ್ರವನ್ನು ತರಿಸಿಕೊಂಡಿದ್ದರು. ಬಣ್ಣದ ಮೇಣದ ಗಟ್ಟಿಯನ್ನು ತೆಳ್ಳತೆಳ್ಳಗೆ ಕೊಯ್ಯುತ್ತ, ಪ್ರತಿ ಕೊಯ್ತಕ್ಕೂ ಒಂದು ಫ್ರೇಮ್ ತೆಗೆದರೆ ಒಳಗಿನ ವಿನ್ಯಾಸ ತಾನಾಗಿ ಹರಿದಾಡುತ್ತದೆ. ಕಡಲ ಬಿರುಗಾಳಿಯನ್ನು ಬೆರ್ಟೋಲ್ಡ್ ಬಾರ್ಟೋಶ್ ಹೊಂದಿಸಿದ. ಇಬ್ಬರೂ ಮುಂದೆ ತಮ್ಮದೇ ಚಿತ್ರಗಳಿಂದ ಹೆಸರಾದರು. ರುಟ್ಮನ್‌ಗೆ ಒಂದು ಅಸಮಾಧಾನವಿತ್ತಂತೆ. ದೇಶ ಈ ಸ್ಥಿತಿಯಲ್ಲಿರುವಾಗ ಕಿನ್ನರ ಲೋಕದ ಕಥೆಗೂ 1923ಕ್ಕೂ ಏನು ಸಂಬಂಧ ಎಂದು ಕೇಳಿದ. ಏನೂ ಇಲ್ಲ, ನಾನು ಈಗ ಬದುಕಿದ್ದೇನೆ, ಈಗ ಅವಕಾಶ ಸಿಕ್ಕಿದೆ, ಮಾಡುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟಳು ಲೋಟೆ. ಆ ಉತ್ತರ ಸಾಕು ಎಂದೇ ನನ್ನ ಅಭಿಪ್ರಾಯ.

ಸಂಗೀತ ವುಲ್ಫ್‌ಗಾಂಗ್ ಟ್ಸೆಲರ್‌ನದು. ಮೂಕಿ ಚಿತ್ರವಾದರೂ ಸಂಗೀತವನ್ನು ಆಮೇಲೆ ಅಂಟಿಸಲಿಲ್ಲ. ಮೆರವಣಿಗೆಯಂಥ ಕಡೆ ಅವನು ಮೊದಲೇ ರಾಗ ಕಟ್ಟಿಕೊಟ್ಟ, ಗೊಂಬೆಗಳು ಆ ತಾಳದ ಲೆಕ್ಕಕ್ಕೆ ಹೆಜ್ಜೆ ಹಾಕಿದವು.

ಈ ಕಥೆ 'ಸಾವಿರದೊಂದು ರಾತ್ರಿ'ಗಳಿಂದ ಆಯ್ದು ಹೆಣೆದದ್ದು. ಮಾಂತ್ರಿಕನೊಬ್ಬ ಹಾರುವ ಕುದುರೆ ಮಾಡಿ ಖಲೀಫನ ಹುಟ್ಟುಹಬ್ಬಕ್ಕೆ ತರುತ್ತಾನೆ, ಪ್ರತಿಯಾಗಿ ರಾಜಕುಮಾರಿಯನ್ನು ಕೇಳುತ್ತಾನೆ. ತಡೆಯಲು ಬಂದ ರಾಜಕುಮಾರ ಅಹಮದನನ್ನೇ ಕುದುರೆ ಹತ್ತಿಸಿ ಮೇಲಕ್ಕೆ ಕಳಿಸಿಬಿಡುತ್ತಾನೆ. ಇಳಿಸುವ ಕೀಲಿ ತಿಳಿಯದೆ ಅಹಮದ ಮೋಡ ದಾಟಿ, ನಕ್ಷತ್ರ ದಾಟಿ, ಚುಕ್ಕೆಯಾಗಿಹೋಗುತ್ತಾನೆ. ಇಳಿದದ್ದು ವಾಕ್‌ವಾಕ್ ಎಂಬ ದ್ವೀಪಗಳಲ್ಲಿ. ಅಲ್ಲಿ ಪರಿಬಾನು ಎಂಬ ಕಿನ್ನರಿ, ಅವಳನ್ನು ಕಾಯುವ ರಾಕ್ಷಸರು. ನಡುವೆ ಚೀನಾ, ಅಲ್ಲಾವುದ್ದೀನ ಮತ್ತು ಅವನ ದೀಪ, ಬೆಂಕಿ ಬೆಟ್ಟದ ಮಾಟಗಾತಿ. ಎಲ್ಲವೂ ಅರವತ್ತೈದು ನಿಮಿಷದ ಒಳಗೆ.

ಪರಿಬಾನು ಸರೋವರಕ್ಕೆ ಬರುವ ದೃಶ್ಯವನ್ನು ನಾನು ಎಷ್ಟು ಜನರಿಗೆ ತೋರಿಸಿದ್ದೇನೋ. ಹಕ್ಕಿಯಾಗಿ ಇಳಿದು, ಗರಿಯ ಮೇಲುಡುಗೆ ಕಳಚಿ, ಮನುಷ್ಯಳಾಗಿ ನೀರಿಗಿಳಿಯುತ್ತಾಳೆ. ಮುಖದಲ್ಲಿ ಕಣ್ಣಿಲ್ಲ, ಬಾಯಿ ತೆರೆಯುವುದಿಲ್ಲ. ಕಪ್ಪು ರಟ್ಟಿಗೆ ಭಾವ ತರುವುದು ಹೇಗೆ? ಲೋಟೆ ಕತ್ತು ಬಾಗುವ ಹೊತ್ತನ್ನು ಹಿಡಿದಳು. ತಲೆ ಮೊದಲು ತಿರುಗುತ್ತದೆ, ಭುಜ ಆಮೇಲೆ, ಬೆರಳು ಎಲ್ಲಕ್ಕಿಂತ ಕೊನೆಗೆ. ಯಾರೋ ನೋಡುತ್ತಿದ್ದಾರೆಂದು ಪರಿಬಾನುವಿಗೆ ತಿಳಿದದ್ದು ನಮಗೆ ಗೊತ್ತಾಗುವುದು ಆ ಬೆರಳುಗಳಿಂದ. ಅಹಮದ ಅವಳ ಗರಿಯುಡುಗೆ ಕದ್ದು, ಹೊತ್ತೊಯ್ಯುವುದು ಈಗ ನೋಡುವವರಿಗೆ ಹಿತವಲ್ಲ, ನನಗೂ ಅಲ್ಲ. ಆದರೆ ಅವಳ ಹೆದರಿಕೆ ಮತ್ತು ದುಃಖವನ್ನು ಚಿತ್ರ ಅವಸರದಲ್ಲಿ ದಾಟುವುದಿಲ್ಲ, ಅಲ್ಲಿ ನಿಲ್ಲುತ್ತದೆ.

ಮಾಟಗಾತಿ ಮತ್ತು ಮಾಂತ್ರಿಕನ ಕಾಳಗವಂತೂ ಇಂದಿನ ಯಾವ ಕಂಪ್ಯೂಟರ್ ಚಿತ್ರಕ್ಕೂ ಬಗ್ಗುವಂಥದ್ದಲ್ಲ. ಒಬ್ಬ ಸಿಂಹವಾದರೆ ಇನ್ನೊಬ್ಬಳು ಹಾವು, ಚೇಳಾದರೆ ಹುಂಜ, ನೀರಿಗಿಳಿದರೆ ಮೀನು. ಒಂದು ಆಕಾರ ಇನ್ನೊಂದಾಗುವ ನಡುವಿನ ಗಳಿಗೆಯಲ್ಲಿ ಅದು ಯಾವುದೂ ಅಲ್ಲದ ಕಪ್ಪು ಮುದ್ದೆ. ಮಕ್ಕಳು ಆ ಮುದ್ದೆಗೇ ಉಸಿರು ಹಿಡಿಯುತ್ತಾರೆ. ಅಲ್ಲಾವುದ್ದೀನನ ಭಾಗ ಮಾತ್ರ ನನಗೆ ಸ್ವಲ್ಪ ಎಳೆದಂತೆ ಅನಿಸುತ್ತದೆ. ಕಥೆಯೊಳಗೆ ಇನ್ನೊಂದು ಕಥೆ ಹೊಕ್ಕು ಅಹಮದ ಮರೆಯಾಗಿಬಿಡುತ್ತಾನೆ. ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ಮಾಂತ್ರಿಕನನ್ನು ಆಫ್ರಿಕಾದವನೆಂದು ಹೇಳಿ ಎಲುಬು, ಉಗುರು, ಕೊಕ್ಕೆ ಮೂಗುಗಳಲ್ಲಿ ಬಿಡಿಸಿದ್ದು ಬರ್ಲಿನ್ನಿನಲ್ಲಿ ಕೂತು ಪೂರ್ವ ಮತ್ತು ದಕ್ಷಿಣವನ್ನು ಕಲ್ಪಿಸಿಕೊಂಡ ಕಣ್ಣು. ನಾನು ಮಕ್ಕಳಿಗೆ ತೋರಿಸುವ ಮೊದಲು ಇದನ್ನು ಹೇಳಿಯೇ ತೋರಿಸುತ್ತೇನೆ. ಪ್ರೀತಿಸುವ ಚಿತ್ರದ ದೋಷವನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಚಿತ್ರ ಮುಗಿಯಿತು, ಕೊಳ್ಳುವವರಿಲ್ಲ. ಹಂಚಿಕೆದಾರರು ಹತ್ತಿರ ಬರಲಿಲ್ಲ. ಸ್ನೇಹಿತರೇ ಸೇರಿ 1926ರ ಮೇ 2ರ ಭಾನುವಾರ ಬೆಳಿಗ್ಗೆ ಬರ್ಲಿನ್ನಿನ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ಪ್ರದರ್ಶನ ಇಟ್ಟರು. ಕಾರ್ಮಿಕರ ಚಂದಾದಿಂದ ಕಟ್ಟಿದ ರಂಗಮಂದಿರ ಅದು. ಜನರನ್ನು, ಪತ್ರಿಕೆಯವರನ್ನು ಕರೆಸುವ ಕೆಲಸಕ್ಕೆ ನಾಟಕಕಾರ ಬ್ರೆಖ್ಟ್ ಕೈಜೋಡಿಸಿದ. ಇನ್ನೇನು ಶುರುವಾಗಬೇಕು ಎನ್ನುವಾಗ ಪ್ರೊಜೆಕ್ಟರಿನ ಲೆನ್ಸು ಕೈಕೊಟ್ಟಿತು. ರಜೆಯ ದಿನ ಕೋಖ್ ಊರು ಸುತ್ತಿ ಇನ್ನೊಂದು ತಂದ. ಚಿತ್ರ ನಡೆಯುತ್ತಿದ್ದಂತೆ ಜನ ನಡುನಡುವೆಯೇ ಚಪ್ಪಾಳೆ ಹೊಡೆದರು. ಇಪ್ಪತ್ತಾರು ವರ್ಷದ ನಿರ್ದೇಶಕಿ ಮತ್ತು ಅವಳ ಗೆಳೆಯರು ಕಂಡ ಮೊದಲ ಮೆಚ್ಚುಗೆ ಅದು.

ಅದೇ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವಾಯಿತು. ಅಲ್ಲಿ ಇದನ್ನು ಹೊತ್ತು ಮೆರೆಸಿದವರು ನಿರ್ದೇಶಕರಾದ ಜಾನ್ ರೆನ್ವಾರ್ ಮತ್ತು ರೆನೆ ಕ್ಲೇರ್. ರೆನ್ವಾರ್ ಲೋಟೆ ಮತ್ತು ಕೋಖ್‌ರಿಗೆ ಜೀವಮಾನದ ಸ್ನೇಹಿತನಾದ. ಬಂಗಾಳದಲ್ಲಿ 'ದಿ ರಿವರ್' ತೆಗೆದ, ಸತ್ಯಜಿತ್ ರಾಯ್‌ಗೆ ದಾರಿ ತೋರಿದ ಅದೇ ರೆನ್ವಾರ್. ಅವನು ಮೆಚ್ಚಿದ ಎಂಬ ಕಾರಣಕ್ಕೆ ಈ ಚಿತ್ರವನ್ನು ಎತ್ತಿ ಹಿಡಿಯಬೇಕಿಲ್ಲ. ಆದರೆ ನದಿಯ ನೀರನ್ನು ಅಷ್ಟು ಚೆನ್ನಾಗಿ ನೋಡಿದ ಕಣ್ಣು ಈ ರಟ್ಟಿನ ಸರೋವರವನ್ನೂ ಮೆಚ್ಚಿತ್ತು ಎಂಬುದು ನನಗೆ ಖುಷಿ ಕೊಡುತ್ತದೆ.

ಆಮೇಲಿನ ಇಪ್ಪತ್ತು ವರ್ಷ ಹೇಳಿದರೆ ಸಂಕಟ. ಮಾತಿನ ಚಿತ್ರಗಳು ಬಂದವು, ಮೂಕಿಗಳು ಗೋದಾಮು ಸೇರಿದವು. 1933ರಲ್ಲಿ ನಾಜಿಗಳು ಬಂದರು. ಎಡಪಂಥದ ಒಲವಿದ್ದ ಲೋಟೆ ಮತ್ತು ಕೋಖ್ ಜರ್ಮನಿ ಬಿಟ್ಟರು, ಆದರೆ ಯಾವ ದೇಶವೂ ಕಾಯಂ ವೀಸಾ ಕೊಡಲಿಲ್ಲ. ಒಂದು ದೇಶದ ಅವಧಿ ಮುಗಿದರೆ ಇನ್ನೊಂದಕ್ಕೆ ಹೋಗುತ್ತ ವರ್ಷಗಳನ್ನು ದೂಡಿದರು. ಆ ಅಲೆದಾಟದ ನಡುವೆಯೇ, 1936ರಲ್ಲಿ, ತನ್ನ ಕೆಲಸದ ರೀತಿಯನ್ನು ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಬರೆದುಕೊಟ್ಟಳು. ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಮೇಜು, ದೀಪ, ಗಾಜಿನ ವಿವರ ಸಮೇತ. 1944ರಲ್ಲಿ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಬರ್ಲಿನ್ನಿಗೆ ಮರಳಬೇಕಾಯಿತು. ಮರುವರ್ಷ ಊರು ಬಾಂಬಿಗೆ, ಗುಂಡಿಗೆ ನೆಲಸಮವಾದಾಗ ಅಹಮದನ ಮೂಲ ನೆಗೆಟಿವ್ ಕೂಡ ಹೋಯಿತು.

ಉಳಿದದ್ದು ಹೇಗೆ? ಮೆಚ್ಚಿ ತರಿಸಿಕೊಂಡವರ ಕಪಾಟಿನಲ್ಲಿ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಳಿ ಹಳೆಯ ನೈಟ್ರೇಟ್ ಪ್ರಿಂಟ್ ಒಂದಿತ್ತು. ಲೋಟೆ ಮತ್ತು ಕೋಖ್ 1949ರಲ್ಲಿ ಲಂಡನ್ ಸೇರಿದರು. ಅಲ್ಲಿ ಅವರ ಜೊತೆ ಪ್ರಿಮ್‌ರೋಸ್ ಎಂಬ ಕಂಪನಿ ಕಟ್ಟಿದವನ ಹೆಸರೂ ಲೂಯಿ ಹಾಗೆನ್. ಬ್ಯಾಂಕರನ ಮಗ. ಪಾಟ್ಸ್‌ಡ್ಯಾಮ್‌ನ ಆ ಅಟ್ಟದಲ್ಲಿ ಕುದುರೆಗೆ ಕೀಲು ಕಟ್ಟುವಾಗ ಅವನು ಚಿಕ್ಕ ಹುಡುಗ. ಯೆಹೂದಿ ಮನೆತನದವನು. ನಾಜಿಗಳ ಬಗ್ಗೆ ಪೋಸ್ಟ್‌ಕಾರ್ಡಿನಲ್ಲಿ ಬರೆದ ಒಂದು ನಗೆಮಾತಿಗಾಗಿ ಹದಿಹರೆಯದಲ್ಲೇ ಸೆರೆಶಿಬಿರ ಕಂಡು, ಬಿಡುಗಡೆಯಾದ ಮೇಲೆ ಇಂಗ್ಲೆಂಡ್ ಸೇರಿ, ಬ್ರಿಟಿಷ್ ಸೇನೆಯಲ್ಲಿ ಗ್ಲೈಡರ್ ಹಾರಿಸಿ ಆರ್ನಮ್‌ನಲ್ಲಿ ಕಾದಿದವನು. ತಂದೆ ಹಣ ಹಾಕಿದ ಕಲಾವಿದೆಗೆ ಮಗ ಎರಡನೆಯ ಬಾರಿ ಹಣ ಹೊಂದಿಸಿದ. 1950ರ ದಶಕದಲ್ಲಿ ಅವರು ಟಿವಿಗಾಗಿ ಕಿನ್ನರ ಕಥೆಗಳ ಸಾಲುಸಾಲು ಪುಟ್ಟ ಚಿತ್ರ ಮಾಡಿದರು. ಅದರಲ್ಲೊಂದಕ್ಕೆ 1955ರಲ್ಲಿ ವೆನಿಸ್‌ನಲ್ಲಿ ಬಹುಮಾನ ಬಂತು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ತಟ್ಟುವ ಜಾಗ ಇದು. ಬಾಲ್ಯದಲ್ಲಿ ನೋಡಿದ ಕೆಲಸದ ಮೇಲಿನ ಅಕ್ಕರೆ ಸೆರೆಮನೆ, ಯುದ್ಧ, ದೇಶ ಬದಲು ಎಲ್ಲವನ್ನೂ ದಾಟಿ ಬಂದಿತ್ತು.

ಕೋಖ್ 1963ರಲ್ಲಿ ತೀರಿಕೊಂಡ. ಲೋಟೆ ಬಹಳ ವರ್ಷ ಕ್ಯಾಮೆರಾ ಮುಟ್ಟಲಿಲ್ಲ. 1970ರಲ್ಲಿ ನೆರಳುಗೊಂಬೆ, ನೆರಳಾಟ, ನೆರಳು ಸಿನಿಮಾಗಳ ಬಗ್ಗೆ ಒಂದು ಪುಸ್ತಕ ಬರೆದಳು. ಪೂರ್ವ ದೇಶಗಳ ನೆರಳಾಟದಿಂದ ಶುರುಮಾಡಿ ತನ್ನ ಕಲೆಯವರೆಗೆ ಅದರ ವಂಶಾವಳಿ ಹೇಳಿದಳು. 1972ರಲ್ಲಿ ಜರ್ಮನಿ ಅವಳಿಗೆ ಚಿತ್ರರಂಗದ ಗೌರವ ಪ್ರಶಸ್ತಿ ಕೊಟ್ಟಿತು. ಎಂಬತ್ತರ ಹತ್ತಿರದಲ್ಲಿ ಕೆನಡಾದವರು ಕರೆದಾಗ ಹೋಗಿ ಮತ್ತೆ ಚಿತ್ರ ಮಾಡಿದಳು. 1981ರ ಜೂನ್ 19ರಂದು ಜರ್ಮನಿಯ ಡೆಟೆನ್‌ಹೌಸನ್‌ನಲ್ಲಿ ಕಣ್ಣುಮುಚ್ಚಿದಳು.

ಅಹಮದನ ಮರುಹುಟ್ಟು ಅವಳು ನೋಡಲಿಲ್ಲ. 1990ರ ದಶಕದ ಕೊನೆಯಲ್ಲಿ ಫ್ರಾಂಕ್‌ಫರ್ಟಿನ ಚಲನಚಿತ್ರ ಸಂಗ್ರಹಾಲಯದವರು ಲಂಡನ್ ಪ್ರಿಂಟಿನಿಂದ ಚಿತ್ರವನ್ನು ಮತ್ತೆ ಸಜ್ಜುಗೊಳಿಸಿದರು. ಮೂಲದಲ್ಲಿದ್ದಂತೆ ದೃಶ್ಯಕ್ಕೊಂದು ಬಣ್ಣ ಹಾಯಿಸಿದರು, ಟ್ಸೆಲರ್‌ನ ಸಂಗೀತವನ್ನು ವಾದ್ಯವೃಂದದಿಂದ ನುಡಿಸಿ ಧ್ವನಿಮುದ್ರಿಸಿದರು. ನಾನು ಮೊದಲು ನೋಡಿದ್ದು ಬಣ್ಣವಿಲ್ಲದ, ಗೀರುಬಿದ್ದ ಪ್ರಿಂಟು. ಹೊಸದನ್ನು ನೋಡಿದ ದಿನ ಆಕಾಶ ನೀಲಿ, ಬೆಂಕಿ ಬೆಟ್ಟ ಕೆಂಪು, ಬಾಗ್ದಾದಿನ ಹಗಲು ಹಳದಿ. ಗೊಂಬೆ ಮಾತ್ರ ಅದೇ ಕಪ್ಪು. ಹತ್ತು ನಿಮಿಷ ನನಗೆ ಕಥೆಯೇ ತಲೆಗೆ ಹೋಗಲಿಲ್ಲ.

ಆಮೇಲೆ ಅಭಿಮಾನಿಗಳು ಬೆಳೆದರು. ಫ್ರಾನ್ಸಿನ ಮಿಶೆಲ್ ಒಸೆಲೊ ನೆರಳುರೂಪದಲ್ಲೇ ಚಿತ್ರಗಳನ್ನು ಮಾಡಿದ. 2010ರ ಹ್ಯಾರಿ ಪಾಟರ್ ಚಿತ್ರದಲ್ಲಿ ಮೂವರು ಅಣ್ಣತಮ್ಮಂದಿರ ಕಥೆ ಬರುವ ಕೆಲವು ನಿಮಿಷಗಳ ಅನಿಮೇಶನ್ ನೋಡಿದವರಿಗೆ ಲೋಟೆಯ ಛಾಯೆ ಕಾಣದೆ ಇರದು. ಊರೂರಿನ ವಾದ್ಯಗಾರರು ಈ ಚಿತ್ರಕ್ಕೆ ತಮ್ಮದೇ ಸಂಗೀತ ಕಟ್ಟಿ ಪರದೆಯ ಮುಂದೆ ಕೂತು ನುಡಿಸುತ್ತಾರೆ. ಮೂಕಿಯಾಗಿದ್ದದ್ದು ಇದಕ್ಕೆ ಈಗ ವರವಾಗಿದೆ, ಯಾವ ನಾಡಿನ ನಾದಕ್ಕೂ ಜಾಗ ಬಿಡುತ್ತದೆ.

ನಮ್ಮ ಜಿಲ್ಲೆಯವನು ಈ ಚಿತ್ರ ಮೆಚ್ಚಿದರೆ ತೊಗಲುಗೊಂಬೆಯ ಮಾತು ಬಾರದೆ ಇರುವುದಿಲ್ಲ. ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯ ಶಿಳ್ಳೇಕ್ಯಾತರು ತಲೆಮಾರುಗಳಿಂದ ರಾಮಾಯಣ, ಭಾರತಗಳನ್ನು ಪರದೆಯ ಮೇಲೆ ಆಡಿಸಿದವರು. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಪ್ರೊ. ಎಂ. ಎಸ್. ನಂಜುಂಡರಾವ್ ಹಳ್ಳಿ ಹಳ್ಳಿ ಸುತ್ತಿ ಈ ಗೊಂಬೆಗಳನ್ನು ಸಂಗ್ರಹಿಸಿ, ಅಧ್ಯಯನ ಮಾಡಿದರು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಲೋಟೆಗೂ ನಮ್ಮವರಿಗೂ ನೇರ ನಂಟಿತ್ತು ಎಂದು ನಾನು ಹೇಳುತ್ತಿಲ್ಲ. ಗೊಂಬೆಗಳ ಜಾತಿಯೇ ಬೇರೆ. ನಮ್ಮದು ಆಡಿನ ತೊಗಲನ್ನು ಹದ ಮಾಡಿ, ಬೆಳಕು ತೂರುವಷ್ಟು ತೆಳ್ಳಗಾಗಿಸಿ, ಬಣ್ಣ ಕೊ‌ಟ್ಟು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಹೊಡೆದು ಮಾಡಿದ್ದು. ದೀಪ ಹಚ್ಚಿದರೆ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಪರದೆ ಮೇಲೆ ಬೀಳುತ್ತದೆ. ಆಡಿಸುವವನ ಹಾಡು, ಮಾತು, ಕಾಲ ಕೆಳಗಿನ ಹಲಗೆಯ ಸದ್ದು ಎಲ್ಲ ಆಗಲೇ, ಅಲ್ಲೇ. ಲೋಟೆಯದು ಅಪ್ಪಟ ಕಪ್ಪು, ಮೌನ, ಮತ್ತು ಒಂದು ಕ್ಷಣದ ಅಲುಗಾಟಕ್ಕೆ ಗಂಟೆಗಟ್ಟಲೆ ದುಡಿಮೆ.

ಕಟ್ಟಿದ ರೀತಿ ಬೇರೆಯಾದರೂ ಕೈ ಕೈಯನ್ನು ಗುರುತಿಸುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಶಾಲೆಯ ದೊಡ್ಡ ಕೋಣೆಯಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಚಿತ್ರ ಹಾಕಿದ್ದೆ. ಪಕ್ಕದ ಊರಿನ ಗೊಂಬೆ ಆಡಿಸುವ ಅಜ್ಜ ಒಬ್ಬರನ್ನು ಕರೆದಿದ್ದೆ. ಕುದುರೆ ಮೇಲೆ ಹಾರಿದಾಗ ಅವರು ಮುಂದೆ ಬಾಗಿದರು.

"ಇದು ಚರ್ಮದ್ದಲ್ರೀ, ಮಾಸ್ತರ?"

"ಅಲ್ಲಜ್ಜಾ, ರಟ್ಟು. ನಡುವ ಸೀಸದ ಹಾಳಿ."

"ಈ ಯಮ್ಮ ಗೊಂಬಿ ಚಲೋ ಕುಣಸ್ಯಾಳ. ಆದ್ರ ಕೋಲು ಎಲ್ಲೈತಿ, ಕಾಣವಲ್ದು."

ಕೋಲಿಲ್ಲ, ಪ್ರತಿ ಸಲ ಬೆರಳಿಂದ ಸರಿಸಿ, ಕೈ ತೆಗೆದು, ಫೋಟೋ ಹೊಡೆದದ್ದು ಎಂದು ವಿವರಿಸಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ಹಂಗಾದ್ರ ಈಕಿಗೆ ನಮಗಿಂತ ತಾಳ್ಮಿ ಹೆಚ್ಚೈತಿ ಬಿಡ್ರೀ ಅಂದರು. ಪರಿಬಾನು ಕತ್ತು ತಿರುಗಿಸಿದಲ್ಲಿ ಮಾತ್ರ, ಇದನ್ನ ಇನ್ನೊಮ್ಮೆ ಹಾಕ್ರಿ ಎಂದು ಕೇಳಿ ಮತ್ತೆ ನೋಡಿದರು. ಚಿತ್ರದ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಆ ಕತ್ತಿನ ಮಾತೇ ಇಲ್ಲ.

ಚಿತ್ರದ ನಡುವೆ ಬರುವ ಜರ್ಮನ್ ಬರಹದ ಫಲಕಗಳನ್ನು ನಾನು ಇಂಗ್ಲಿಷಿನ ನೆರವಿನಿಂದ ಕನ್ನಡಕ್ಕೆ ಬರೆದುಕೊಂಡಿದ್ದೇನೆ. ಪರದೆ ಪಕ್ಕ ಒಬ್ಬಳು ಹುಡುಗಿ ನಿಂತು ಟಾರ್ಚಿನಲ್ಲಿ ಗಟ್ಟಿಯಾಗಿ ಓದುತ್ತಾಳೆ. ಸಂಗೀತದ ಮಾಸ್ತರರು ಹಾರ್ಮೋನಿಯಂ ಹಿಡಿಯುತ್ತಾರೆ. ಪ್ರದರ್ಶನ ಮುಗಿದ ವಾರವೆಲ್ಲ ಮಕ್ಕಳ ಕೈಯಲ್ಲಿ ಕತ್ತರಿ. ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಕಪ್ಪು ಬಳಿದು, ಕೀಲಿಗೆ ಕರೆಂಟ್ ವೈರಿನೊಳಗಿನ ತಾಮ್ರದ ಎಳೆ, ತೂಕಕ್ಕೆ ಅಡಿಯಲ್ಲಿ ಅಂಟಿಸಿದ ನಾಣ್ಯ. ಸೀಸ ವಿಷ, ಅದನ್ನು ಮುಟ್ಟಗೊಡುವುದಿಲ್ಲ. ಎರಡು ಬೆಂಚಿನ ನಡುವೆ ಕಿಟಕಿ ಗಾಜು, ಕೆಳಗೆ ಬಲ್ಬು, ಮೇಲೆ ಸ್ಟೂಲಿಗೆ ಕಟ್ಟಿದ ಮೊಬೈಲು. ಪಾಟ್ಸ್‌ಡ್ಯಾಮ್‌ನ ಅಟ್ಟದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ.

ಹುಡುಗರು ಕುದುರೆಗೆ ಮುಗಿಬೀಳುತ್ತಾರೆ. ಹುಡುಗಿಯರಲ್ಲಿ ಹೆಚ್ಚಿನವರು ಕತ್ತರಿಸುವುದು ಬೆಂಕಿ ಬೆಟ್ಟದ ಮಾಟಗಾತಿಯನ್ನು. ಅವಳು ಕುಳ್ಳಿ, ಗೂನಿ, ಹಲ್ಲು ಮುಂದಕ್ಕೆ ಬಂದವಳು. ಆದರೆ ಕಥೆಯಲ್ಲಿ ಕೆಲಸ ಮಾಡುವವಳು ಅವಳೊಬ್ಬಳೇ. ಮಾಂತ್ರಿಕನನ್ನು ಸೋಲಿಸುವವಳು ಅವಳು, ದೀಪ ತಂದು ರಾಕ್ಷಸರನ್ನು ಓಡಿಸುವವಳು ಅವಳು. ಕೊನೆಯಲ್ಲಿ ಅಹಮದ, ಅಲ್ಲಾವುದ್ದೀನ ಇಬ್ಬರೂ ತಮ್ಮ ತಮ್ಮ ಹುಡುಗಿಯರ ಜೊತೆ ಅರಮನೆಗೆ ಹೋಗುತ್ತಾರೆ. ಕಳೆದ ಪ್ರದರ್ಶನದ ನಂತರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಆಕಿಗೆ ಯಾರೂ ಏನೂ ಕೊಡ್ಲಿಲ್ಲಲ್ರೀ" ಎಂದು ಕೇಳಿದಳು. ಕೇಳಿ ಸುಮ್ಮನಾಗಲಿಲ್ಲ. ಅವಳೂ ಅವಳ ಗೆಳತಿಯರೂ ಸೇರಿ ಮಾಟಗಾತಿಯ ಮುಂದಿನ ಕಥೆ ಬರೆದಿದ್ದಾರೆ, ಗೊಂಬೆ ಕತ್ತರಿಸುವುದು ನಡೆದಿದೆ. ಮೊಣಕೈ ಕೀಲು ಇನ್ನೂ ಸಡಿಲ. ಈ ಶನಿವಾರ ಹೋಗಿ ಅದಕ್ಕೆ ಎರಡು ಸುತ್ತು ತಂತಿ ಹಾಕುವುದು ಹೇಗೆಂದು ತೋರಿಸಿಕೊಡಬೇಕು.